ಬಾಡದ ಎಲೆಯ ಬಾಯಾರಿಕೆ

ಕೇಳುಗರಿಗೆ ನಮಸ್ಕಾರ.

ಮಂಡ್ಯದಲ್ಲಿ ಮಳೆಗಾಲ ಬಂತೆಂದರೆ ಎದುರಾದವರೆಲ್ಲ ಕೇಳುವುದು ಒಂದೇ: ಕಟ್ಟೆಯಲ್ಲಿ ನೀರೆಷ್ಟು? ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ತೋಟದ ಮರದೊಳಗೆ ನೀರೆಷ್ಟಿದೆ ಎಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಸರದಿಯ ಮೇಲೆ ನೀರು ಕೊಡುವ ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಬಿಟ್ಟಾಗ ಹಾಯಿಸುತ್ತೇವೆ. ಕೊಳವೆಬಾವಿಯವರು ತ್ರೀ ಫೇಸ್ ಬಂದಾಗ ಹಾಯಿಸುತ್ತಾರೆ. ಸ್ಪೇನ್, ಕ್ಯಾಲಿಫೋರ್ನಿಯಾಗಳ ಆಲಿವ್ ತೋಟಗಳಲ್ಲಿ ಮರದ ಬಾಯಾರಿಕೆಯನ್ನೇ ಅಳೆದು ನೀರು ಕೊಡುವವರಿದ್ದಾರೆ.

ಆಲಿವ್ ಎಂದರೆ ನಮಗೆ ಕೂಸಿನ ಮೈಗೆ ತಿಕ್ಕುವ ಎಣ್ಣೆಯ ಸೀಸೆ, ಅಷ್ಟೆ. ಮರ ಮಾತ್ರ ಬಲು ಗಟ್ಟಿ ಪಿಂಡ. ಬಾಳೆಯಾದರೆ ಬಿಸಿಲಿಗೆ ಎಲೆ ಮಡಚಿ ದೂರು ಹೇಳುತ್ತದೆ. ಆಲಿವ್ ಎಲೆ ಕಿರಿದು, ತೊಗಲಿನಂತೆ ಬಿರುಸು. ಒಳಗೆ ಒಣಗುತ್ತಿದ್ದರೂ ಹೊರಗೆ ಜಂಬ. ಕಣ್ಣನ್ನು ನಂಬಿದರೆ ಕೆಟ್ಟೆವು.

ಅದಕ್ಕಾಗಿಯೇ ಒತ್ತಡದ ಡಬ್ಬಿ. 1965ರಲ್ಲಿ ವಿಜ್ಞಾನಿ ಸ್ಕೊಲಾಂಡರ್ ಮತ್ತು ಸಂಗಡಿಗರು ಇದನ್ನು ಹೆಸರಿಗೆ ತಂದರು. ಮರದೊಳಗಿನ ನೀರು ಬೇರಿನಿಂದ ಎಲೆಯವರೆಗೆ ಬಿಗಿದ ಹಗ್ಗ. ಮೇಲಿನಿಂದ ಎಲೆ ಜಗ್ಗುತ್ತದೆ, ಕೆಳಗೆ ಒಣಮಣ್ಣು ಬಿಟ್ಟುಕೊಡುವುದಿಲ್ಲ. ಮಧ್ಯಾಹ್ನದ ಹೊತ್ತು ಕಾಂಡದ ಹತ್ತಿರದ ಎಲೆಗೆ ಬೆಳ್ಳಿಕಾಗದದ ಚೀಲ ತೊಡಿಸಿ ಸ್ವಲ್ಪ ಹೊತ್ತು ಬಿಡುತ್ತಾರೆ. ಬೆವರುವುದು ನಿಂತ ಎಲೆ ತನ್ನ ಕಷ್ಟ ಬಿಟ್ಟು ಕಾಂಡದ ಕಷ್ಟ ಹೇಳುತ್ತದೆ. ಅದನ್ನು ಕತ್ತರಿಸಿ ಡಬ್ಬಿಯೊಳಗಿಟ್ಟು, ತೊಟ್ಟಿನ ತುದಿ ಮಾತ್ರ ಮುಚ್ಚಳದ ತೂತಿನಿಂದ ಹೊರಗಿರುವಂತೆ ಬಿಗಿದು, ನೈಟ್ರೋಜನ್ ಅನಿಲ ತುಂಬುತ್ತಾ ಹೋಗುತ್ತಾರೆ. ಭೂತಗನ್ನಡಿ ಹಿಡಿದು ನೋಡುತ್ತಿರಬೇಕು. ಮಂಕಾಗಿದ್ದ ಕತ್ತರಿಸಿದ ಮುಖ ಇದ್ದಕ್ಕಿದ್ದಂತೆ ತೇವಗೊಂಡು ಮಿನುಗುತ್ತದೆ. ಒಳಗಿನ ಬಿಗಿತ ಎಷ್ಟೋ, ನೀರನ್ನು ಹೊರಗೆ ದೂಡಲು ಅಷ್ಟೇ ಒತ್ತಡ ಬೇಕು; ಆಗ ಒತ್ತಡಮಾಪಕದ ಮುಳ್ಳು ತೋರಿಸುವುದೇ ಲೆಕ್ಕ.

ಒತ್ತಡ ಅಳೆಯುವ ಮಾನ ಬಾರ್; ಕಾರಿನ ಚಕ್ರದ ಗಾಳಿ ಸುಮಾರು 2 ಬಾರ್. ಚೆನ್ನಾಗಿ ನೀರು ಕುಡಿದ ಆಲಿವ್ ಮರದಲ್ಲೇ 12ರಿಂದ 14 ಬಾರ್ ಬಿಗಿತ ಇರುತ್ತದೆ. 20 ದಾಟಿದರೆ ಬಾಯಾರಿದೆ. 40ಕ್ಕೆ ಬಂದರೆ ನಿಜವಾದ ಸಂಕಟ. ಆಗಲೂ ಮರ ಸಾಯುವುದಿಲ್ಲ, ನೋಡಿ!

ಹಾಗೆಂದು 20 ಕಂಡೊಡನೆ ವಾಲ್ವ್ ತಿರುಗಿಸುವುದಿಲ್ಲ. ಹೂವು ಬಿಟ್ಟು ಕಾಯಿ ಕಚ್ಚುವಾಗ ನೀರಿಗೆ ಕೊರತೆ ಮಾಡುವಂತಿಲ್ಲ. ಕಾಯೊಳಗಿನ ಓಟೆ ಗಟ್ಟಿಯಾಗುವ ನಡುಬೇಸಿಗೆಯಲ್ಲಿ ಕೈ ಬಿಗಿ ಹಿಡಿದರೂ ಮರ ತಾಳಿಕೊಳ್ಳುತ್ತದೆ. ನೀರು ಉಳಿಸುವ ಸಮಯ ಅದೇ. ನಮ್ಮ ಮಾವಿನವರದು ತಿರುಗಾಮುರುಗಾ: ಹೂವಿಗೆ ಮುನ್ನ ನಿಲ್ಲಿಸಿ, ಕಾಯಿ ಕಚ್ಚಿದ ಮೇಲೆ ಕೊಡುತ್ತಾರೆ. ಇನ್ನೊಂದು ಮಾತು, ಅತಿಯಾಗಿ ನೀರು ಕುಡಿದ ಆಲಿವ್ ಮರದ ಎಣ್ಣೆ ಸಪ್ಪೆ. ತುಸು ಬಾಯಾರಿದ ಮರದ ಎಣ್ಣೆಯಲ್ಲಿ ಕಹಿ, ಗಂಟಲಿಗೆ ಹತ್ತುವ ಖಾರ. ಬಲ್ಲವರು ಮೆಚ್ಚುವುದು ಅದನ್ನೇ.

ಈ ಡಬ್ಬಿ ನಮ್ಮ ಮಾವಿಗೂ ಆದೀತೇ ಎಂದು ನೀವು ಕೇಳಬಹುದು. ಆದೀತು, ಆದರೆ ಮಾವಿನ ತೊಟ್ಟು ಕತ್ತರಿಸಿದರೆ ಮೊದಲು ಬರುವುದು ಸೊನೆ. ಮಿನುಗಿದ್ದು ಸೊನೆಯೋ ನೀರೋ ಎಂದು ಮತ್ತೆ ಮತ್ತೆ ಒರೆಸಿ ನೋಡುತ್ತಾ ಕೂರಬೇಕು.

ನಮಸ್ಕಾರ.