ಕುದಿದ ಟೀ, ಕುದಿಯದ ಲೋಟ

ಕೇಳುಗರಿಗೆ ನಮಸ್ಕಾರ. ಬೆಳಗಿನ ಹಾಲು ಹಾಕಿ, ಡೈರಿ ಪಕ್ಕದ ಅಂಗಡಿಯಲ್ಲಿ ಟೀ ಹಿಡಿದು ಕುಳಿತಿರುವ ಚಿಕ್ಕಬಳ್ಳಾಪುರದ ರೈತರನ್ನು ನೆನೆದು ಈ ಮಾತು. ಟೀ ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಕೇಳದವರಿಲ್ಲ. ನಾನು ಕೇಳುವುದು ಒಂದೇ: ನೀರು ಕುದಿದಿತ್ತೋ ಇಲ್ಲವೋ?

ಇಂಗ್ಲೆಂಡಿನಲ್ಲಿ 1784ರಲ್ಲಿ ಟೀ ಮೇಲಿನ ತೆರಿಗೆಯನ್ನು ಶೇಕಡಾ 119ರಿಂದ 12.5ಕ್ಕೆ ಇಳಿಸಿದರು. ಕೂಲಿಯವನ ಮನೆಗೂ ಟೀ ಬಂತು. ನೀರಿನಿಂದ ರೋಗ ಹರಡುತ್ತದೆಂದು ಆಗ ವೈದ್ಯರಿಗೂ ತಿಳಿದಿರಲಿಲ್ಲ. ಆದರೂ ಟೀಗೆಂದು ನೀರು ಕುದಿಸಿದರು, ಸಾವು ಕಡಿಮೆಯಾಯಿತು. ನೀರು ಕೆಟ್ಟಿದ್ದ ಊರುಗಳಲ್ಲೇ ಹೆಚ್ಚು ಇಳಿಯಿತೆಂದು ಹಳೆಯ ಚರ್ಚ್ ದಾಖಲೆಗಳನ್ನು ಲೆಕ್ಕ ಹಾಕಿದವರು ಹೇಳುತ್ತಾರೆ. ಎಲೆಯ ಮಹಿಮೆಯಲ್ಲ ಸ್ವಾಮಿ, ಒಲೆಯ ಮಹಿಮೆ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಬಾಗೇಪಲ್ಲಿ ಕಡೆಯ ಒಂದು ಜಾತ್ರೆಯಲ್ಲಿ ವಾಂತಿಭೇದಿ ಶುರುವಾಯಿತು. ಎಲ್ಲರೂ ಪಾನಕವನ್ನು ಬೈದರು. ಪಾನಕ ಕುಡಿಯದವರೂ ಮಲಗಿದ್ದರು. ಅವರೆಲ್ಲ ಟೀ ಕುಡಿದವರು! ಅಂಗಡಿಯವನು ದೇವರಾಣೆ ಹಾಕಿದ: “ಉಕ್ಕುವ ತನಕ ಕುದಿಸಿದ್ದೇನೆ ಸಾರ್.” ನಿಜವೇ. ಮರುದಿನ ಅರ್ಧ ದಿನ ಅವನ ಬೆಂಚಿನ ಮೇಲೆ ಕುಳಿತು ಕಣ್ಣಾರೆ ನೋಡಿದೆ. ಹುಡುಗ ಎಂಜಲು ಲೋಟಗಳನ್ನು ಒಂದು ಬಕೆಟ್‌ನಲ್ಲಿ ಅದ್ದಿ ತೆಗೆಯುತ್ತಿದ್ದ. ನೀರು ಕಲ್ಯಾಣಿಯದು, ಬೆಳಗ್ಗೆ ತುಂಬಿದ್ದು, ಮಧ್ಯಾಹ್ನವಾದರೂ ಚೆಲ್ಲಿರಲಿಲ್ಲ. ಅದೇ ಬೆಂಚಿನಲ್ಲಿ ಮೂರು ದಿನ ಟೀ ಕುಡಿದ ಒಬ್ಬ ಅಜ್ಜಿ ಮಾತ್ರ ಗಟ್ಟಿಮುಟ್ಟಾಗಿದ್ದರು. ಸೆರಗಿನಿಂದ ಹಿತ್ತಾಳೆ ಲೋಟ ತೆಗೆದು ತೋರಿಸಿ, “ಕಂಡವರ ಎಂಜಲು ನನಗೆ ಆಗುವುದಿಲ್ಲಪ್ಪ” ಎಂದರು. ನಾನು ಐದು ವರ್ಷ ಓದಿ ಕಲಿತದ್ದು ಆ ಲೋಟದಲ್ಲಿತ್ತು. ಸಂಜೆಗೆ ಎರಡನೆಯ ಒಲೆ ಹೂಡಿಸಿ, ಲೋಟ ತೊಳೆಯುವುದಕ್ಕೂ ಕುದಿನೀರು ಇಡಿಸಿದೆ.

1854ರಲ್ಲಿ ಕಾಲರಾ ನೀರಿನಿಂದ ಹರಡುತ್ತಿದೆಯೆಂದು ಲಂಡನ್ನಿನ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಹಿಡಿ ಕೀಳಿಸಿದ ವೈದ್ಯ ಜಾನ್ ಸ್ನೋ ಕಥೆಯನ್ನೂ ಹೇಳಬೇಕಿತ್ತು. ಸ್ಟುಡಿಯೋದ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಇರಲಿ.

ನೆಲದ ಕಲ್ಲಿನಿಂದ ನೀರಿಗೆ ಕರಗಿ ಬರುವ ಫ್ಲೋರೈಡ್ ಎಂಬ ಲವಣದ ಬಗ್ಗೆ ಎರಡೇ ಮಾತು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಗಟ್ಟಿಯಾಗುತ್ತದೆ. ನಮ್ಮ ಜಿಲ್ಲೆಯ ಆಳದ ಕೊಳವೆಬಾವಿಗಳಲ್ಲಿ ಅದರ ಕಾಟ ಇದೆ. ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಕಂಡರೆ ಪೇಸ್ಟ್ ಬದಲಿಸುತ್ತೀರಿ. ಅದು ಫ್ಲೋರೈಡಿನ ಗುರುತಿರಬಹುದು, ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಆ ನೀರು ಕುಡಿಯಲು ಬೇಡ, ಟೀಗೂ ಬೇಡ. ಮಳೆನೀರನ್ನು ಹಿಡಿದಿಟ್ಟು, ಅದನ್ನು ಕುದಿಸಿ.

ನಾಳೆ ಬೆಳಗ್ಗೆ ನಿಮ್ಮ ಅಂಗಡಿಯವರು ಲೋಟವನ್ನು ಎಲ್ಲಿ ಅದ್ದುತ್ತಾರೆ, ಸ್ವಲ್ಪ ಬಗ್ಗಿ ನೋಡಿ. ನಮಸ್ಕಾರ.