ನಡುಗೋಪುರದ ಇಕ್ಕಟ್ಟು

ಕೇಳುಗರಿಗೆ ನಮಸ್ಕಾರ.

ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗ ಉದ್ದವಾಯಿತೆಂದು ನಡುವೆ ಬಿದಿರಿನ ಗಳು ಊರಿ, ಅದರ ತಲೆಗೆ ಹಗ್ಗ ಸುತ್ತುತ್ತೇವಲ್ಲ? ಒಂದು ಬದಿಗೆ ಒದ್ದೆ ಕಂಬಳಿ ಹಾಕಿ ನೋಡಿ. ಗಳು ಆ ಕಡೆಗೆ ವಾಲುತ್ತದೆ, ಇನ್ನೊಂದು ಬದಿಯ ಖಾಲಿ ಹಗ್ಗ ಬಿಗಿದು ಮೇಲೇಳುತ್ತದೆ. ಮೂರು ಗೋಪುರಗಳ ತೂಗುಸೇತುವೆಯ ಕಷ್ಟವೂ ಇದೇ.

ಉಡುಪಿ ಬಳಿಯ ಕೆಮ್ಮಣ್ಣು ಊರಿನ ತೂಗುಸೇತುವೆಯಲ್ಲಿ ನಡೆದವರಿಗೆ ಕಾಲಡಿಯ ಹಾಸು ತಗ್ಗುವುದು ಗೊತ್ತು. ಅದು ಜನ ನಡೆಯುವ ಸೇತುವೆ. ಲಾರಿ ಓಡುವಲ್ಲಿ ಲೆಕ್ಕ ಬಿಗಿಯಾಗುತ್ತದೆ. ಗೋಪುರ ಎರಡೇ ಇದ್ದರೆ ಚಿಂತೆಯಿಲ್ಲ. ಹಿಂಬದಿಯ ಕೇಬಲ್ ಹೆಚ್ಚುಕಡಿಮೆ ನೇರವಾಗಿ ದಡದ ಲಂಗರಿಗೆ, ಅಂದರೆ ಕೇಬಲ್ ತುದಿಯನ್ನು ಹಿಡಿದಿಡುವ ಕಟ್ಟಡಕ್ಕೆ, ಇಳಿದಿರುತ್ತದೆ. ಗೋಪುರದ ತಲೆ ಮುಂದೆ ಬಾಗಬೇಕಾದರೆ ಆ ಉಕ್ಕೇ ಹಿಗ್ಗಬೇಕು. ನಡುಗೋಪುರದ ಬೆನ್ನಿಗೆ ಇರುವುದೋ, ಇನ್ನೊಂದು ಜೋಲುವ ಕೇಬಲ್. ಅದರ ಜೋಲು ತುಸು ಕಡಿಮೆಯಾದರೂ ತಲೆ ಮುಂದೆ ಬಂತು.

ಗೋಪುರದಿಂದ ಗೋಪುರಕ್ಕೆ ಚಾಚಿದ ಭಾಗವೇ ಅಂಕಣ. ಎರಡೂ ಅಂಕಣಗಳಲ್ಲಿ ವಾಹನ ತುಂಬಿದರೆ ನಡುಗೋಪುರ ನೆಟ್ಟಗೇ ನಿಲ್ಲುತ್ತದೆ. ಕಾಡುವುದು ಒಂದು ಅಂಕಣ ಜಾಮ್ ಆಗಿ ಇನ್ನೊಂದು ಖಾಲಿ ಇರುವಾಗ. ತುಂಬಿದ ಕಡೆ ಹಾಸು ಇಳಿಯುತ್ತದೆ, ಖಾಲಿ ಕಡೆ ಏಳುತ್ತದೆ.

ಹಾಗಾದರೆ ಗೋಪುರವನ್ನೇ ಗಡುಸು ಮಾಡಿದರಾಯಿತಲ್ಲ? ಆಗ ಎರಡು ಬದಿಯ ಎಳೆತ ಬೇರೆಬೇರೆಯಾಗಿ, ತಲೆಯ ಮೇಲಿನ ಸ್ಯಾಡಲ್‌ನಲ್ಲಿ, ಅಂದರೆ ಕೇಬಲ್ ಕೂರುವ ಪೀಠದಲ್ಲಿ, ಕೇಬಲ್ ಜಾರಲು ನೋಡುತ್ತದೆ. ಬುಡದ ಮೇಲೆ ಬಾಗಿಸುವ ಬಲವೂ ಏರುತ್ತದೆ. ಜೋಲು ಅಂಕಣದ ಒಂಬತ್ತನೇ ಒಂದು ಭಾಗ ಎಂದುಕೊಳ್ಳಿ. ಕೇಬಲ್ ಪ್ರತಿ ಬದಿಗೆ ಸುಮಾರು 24 ಡಿಗ್ರಿ ಇಳಿಯುತ್ತದೆ, ಸ್ಯಾಡಲ್‌ನ ಮೇಲೆ ಅದು ಸುತ್ತಿಕೊಳ್ಳುವ ಒಟ್ಟು ಕೋನ 48 ಡಿಗ್ರಿ. ಕೇಬಲ್‌ಗೂ ಸ್ಯಾಡಲ್‌ಗೂ ನಡುವಿನ ಉಜ್ಜುಹಿಡಿತದ ಅಳತೆಯಾದ ಘರ್ಷಣಾಂಕ 0.15 ಹಿಡಿದರೆ ಎಳೆತದ ವ್ಯತ್ಯಾಸ ಶೇಕಡಾ 13 ದಾಟುವಂತಿಲ್ಲ, 0.2 ಹಿಡಿದರೆ 18. ಅದರಲ್ಲೂ ಸುರಕ್ಷತೆಗೆ ಒಂದಿಷ್ಟು ಬಿಡಬೇಕು. ಬಹಳ ಇಕ್ಕಟ್ಟಿನ ಜಾಗ.

ಚೀನಾದ ಯಾಂಗ್ಟ್ಸಿ ನದಿಯ ಮೇಲೆ 2012ರಲ್ಲಿ ತೆರೆದ ತೈಝೌ ಸೇತುವೆಗೆ 1,080 ಮೀಟರಿನ ಎರಡು ಅಂಕಣ. ಅದರ ನಡುಗೋಪುರ ಉಕ್ಕಿನದು. ಪಕ್ಕದಿಂದ ನೋಡಿದರೆ ಕೆಳಗೆ ಕವಲು, ಮೇಲೆ ಒಂಟಿ ಕಂಬ. ಬುಡ ಗಟ್ಟಿ, ತಲೆಗೆ ಬೇಕಷ್ಟೇ ಬಳುಕು. ನನಗೆ ಇದು ಜಾಣ ಉಪಾಯವೆನಿಸುತ್ತದೆ. 1936ರ ಸ್ಯಾನ್‌ಫ್ರಾನ್ಸಿಸ್ಕೊ–ಓಕ್ಲೆಂಡ್ ಸೇತುವೆಯ ಪಶ್ಚಿಮ ಭಾಗದಲ್ಲಿ ಈ ರಗಳೆಯೇ ಬೇಡವೆಂದು ನೀರಿನ ನಡುವೆ ಕಾಂಕ್ರೀಟ್ ಲಂಗರು ಎಬ್ಬಿಸಿ, ಎರಡು ತೂಗುಸೇತುವೆಗಳನ್ನು ಬೆನ್ನಿಗೆ ಬೆನ್ನು ಕಟ್ಟಿದರು. ಆಳದ ನೀರಿನಲ್ಲಿ ಅದು ಭಾರೀ ಖರ್ಚಿನ ಕೆಲಸ.

ಸೇತುವೆ ಎದ್ದ ಮೇಲೂ ಸ್ಯಾಡಲ್‌ನ ಅಂಚಿನ ಮೇಲೆ ಕಣ್ಣಿಡಬೇಕು. ಕೇಬಲ್‌ಗೂ ಸ್ಯಾಡಲ್‌ಗೂ ಸೇರಿಸಿ ಎಳೆದ ಬಣ್ಣದ ಗೆರೆ ಮುರಿದು ಎರಡಾಗಿ ಕಂಡರೆ, ಕೇಬಲ್ ಜಾರಿದೆ ಎಂದೇ ಅರ್ಥ.