ಆಸ್ಪತ್ರೆ ಕೌಂಟರಿನ ಆಚೆ ಕೂರುವವರು

ಕೇಳುಗರಿಗೆ ನಮಸ್ಕಾರ.

ಆಸ್ಪತ್ರೆಯಲ್ಲಿ ಕೆಲಸ ಅಂದ ಕೂಡಲೇ ನಮ್ಮ ಮಕ್ಕಳಿಗೆ ಹೊಳೆಯುವುದು ಡಾಕ್ಟರು, ನರ್ಸು. ಹೆಚ್ಚೆಂದರೆ ಲ್ಯಾಬು, ಎಕ್ಸ್‌ರೇ. ಆದರೆ ಆಸ್ಪತ್ರೆಗೆ ಹೋದಾಗ ನಾವು ಮೊದಲು ಮಾತಾಡುವುದು ಇವರ್ಯಾರ ಜೊತೆಗೂ ಅಲ್ಲ, ಗಾಜಿನ ಆಚೆ ಕಂಪ್ಯೂಟರ್ ಮುಂದೆ ಕೂತವರ ಜೊತೆ. ವಾಪಸ್ ಹೊರಡುವಾಗ ಕೊನೆಗೆ ಮಾತಾಡುವುದೂ ಅವರ ಜೊತೆಗೇ. ಈ ನಡುವೆ ನಮ್ಮ ಕೇಸ್ ಶೀಟು, ವಿಮೆ ಕಾಗದ, ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಎಲ್ಲ ಅವರ ಕೈ ದಾಟಿಯೇ ಹೋಗಬೇಕು. ಇವತ್ತು ಆ ಕೆಲಸದ ಬಗ್ಗೆ, ಅದನ್ನು ಕಲಿಯುವ ಬಗ್ಗೆ ಮಾತಾಡುತ್ತೇನೆ.

ಕಂಪ್ಯೂಟರ್ ಗೊತ್ತಿದ್ದು ನಾಲ್ಕು ಮಾತು ಇಂಗ್ಲಿಷ್ ಬಂದರೆ ಈ ಕೆಲಸಕ್ಕೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಇಲ್ಲಿ ಮೊದಲು ಕಲಿಯಬೇಕಾದದ್ದು ಹೆಸರು ಬರೆದುಕೊಳ್ಳುವುದನ್ನು. ನಗಬೇಡಿ, ನಿಜವಾಗಿಯೂ ಹೇಳುತ್ತಿದ್ದೇನೆ.

ನಮ್ಮ ಕಡೆ ಒಬ್ಬ ಮನುಷ್ಯನಿಗೆ ಎಷ್ಟು ಹೆಸರು ನೋಡಿ. ಆಧಾರ್‌ನಲ್ಲಿ ಮಂಜುನಾಥ ಎಚ್. ರೇಷನ್ ಕಾರ್ಡಿನಲ್ಲಿ ಮಂಜಪ್ಪ. ವಿಮೆ ಪಾಲಿಸಿಯಲ್ಲಿ ಅಪ್ಪನ ಹೆಸರು ಮುಂದೆ ಬಂದು ಹೊನ್ನಪ್ಪ ಮಂಜುನಾಥ. ಊರಲ್ಲಿ ಎಲ್ಲರೂ ಕೂಗುವುದು ಮಂಜಣ್ಣ. ಜ್ವರದಲ್ಲಿ ನಡುಗುತ್ತಿರುವ ಇವರನ್ನು ಬಾಮೈದ ಕರೆದುಕೊಂಡು ಬರುತ್ತಾನೆ. ಕೌಂಟರಿನಲ್ಲಿ ಅವನು ಹೇಳುವುದು ಬಾಯಿಗೆ ಬಂದ ಹೆಸರು. ವಯಸ್ಸು ಕೇಳಿದರೆ, 'ಐವತ್ತೋ ಐವತ್ತೈದೋ, ಹಾಕ್ಕೊಳ್ಳಿ ಮೇಡಂ.' ಹಿಂದೆ ಸಾಲಿನಲ್ಲಿ ಮೂವತ್ತು ಜನ ಇರುತ್ತಾರೆ, ಮೇಡಂ ಹಾಕಿಕೊಳ್ಳುತ್ತಾರೆ. ಆ ಹೊತ್ತಿಗೆ ಏನೂ ಆಗುವುದಿಲ್ಲ. ನಾಲ್ಕು ದಿನ ಕಳೆದು ಮನೆಗೆ ಹೊರಡುವಾಗ ವಿಮೆ ಕಂಪನಿಯಿಂದ ಕ್ವೆರಿ ಬರುತ್ತದೆ: ಪಾಲಿಸಿಯಲ್ಲಿರುವವರೂ ಹಾಸಿಗೆಯಲ್ಲಿರುವವರೂ ಒಬ್ಬರೇನಾ? ಆಮೇಲೆ ಅಫಿಡವಿಟ್ಟು, ನೋಟರಿ, ಊರಿಂದ ಕಾರ್ಡು ತರಿಸುವುದು. ಮಂಜಣ್ಣನವರು ಬ್ಯಾಗು ಕಟ್ಟಿಕೊಂಡು ಸಂಜೆವರೆಗೂ ಕಾಯುತ್ತಾರೆ.

ಇದು ಹಣದ ಮಾತಾಯಿತು. ಇನ್ನೊಂದು ಸಂದರ್ಭ ನೋಡಿ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದಾರೆ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಇದೇನೂ ಅಪರೂಪವಲ್ಲ. ಒಬ್ಬರ ರಕ್ತದ ರಿಪೋರ್ಟು ಇನ್ನೊಬ್ಬರ ಫೈಲಿಗೆ ಸೇರಿದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಪ್ರತಿ ರೋಗಿಗೂ ಯುಎಚ್‌ಐಡಿ ಅನ್ನುವ ಒಂದು ನಂಬರ್ ಕೊಡುತ್ತಾರೆ. ಒಳ್ಳೆಯ ತರಬೇತಿಯಲ್ಲಿ ಇನ್ನೂ ಒಂದು ಸಣ್ಣ ವಿಷಯ ಹೇಳಿಕೊಡುತ್ತಾರೆ. 'ನೀವು ಲಕ್ಷ್ಮಮ್ಮನಾ?' ಅಂತ ಕೇಳಬಾರದು. ಕಿವಿ ಮಂದ ಇದ್ದವರು, ಮಂಪರಿನಲ್ಲಿದ್ದವರು ಏನು ಕೇಳಿದರೂ ಹೂಂ ಅನ್ನುತ್ತಾರೆ. 'ನಿಮ್ಮ ಹೆಸರೇನಮ್ಮ?' ಅಂತಲೇ ಕೇಳಬೇಕು. ಅವರು ಹೇಳಿದ ಮೇಲೆ ನಂಬರ್ ತಾಳೆ ನೋಡಬೇಕು. ಮಂಚದ ನಂಬರನ್ನು ಮಾತ್ರ ನಂಬಬಾರದು. ರಾತ್ರಿ ಮಂಚ ಬದಲಾಗಿರಬಹುದು, ಅಲ್ವಾ?

ಇನ್ನು ವೈದ್ಯಕೀಯ ಪದಗಳು. ಇವು ಡಾಕ್ಟರಿಗೆ ಸೇರಿದ್ದು, ನಮಗ್ಯಾಕೆ ಅನ್ನುವ ಹಾಗಿಲ್ಲ. ಹೈಪರ್‌ಗ್ಲೈಸೀಮಿಯಾ ಅಂದರೆ ಸಕ್ಕರೆ ಏರಿದೆ, ಹೈಪೋಗ್ಲೈಸೀಮಿಯಾ ಅಂದರೆ ಇಳಿದಿದೆ. ಟೈಪ್ ಮಾಡುವವರು ಎರಡಕ್ಷರ ತಪ್ಪಿದರೆ ಚಿಕಿತ್ಸೆಯೇ ತಲೆಕೆಳಗು. ಕಣ್ಣಿನ ವಿಭಾಗದ ಚೀಟಿಯಲ್ಲಿ ಓ.ಡಿ. ಅನ್ನುವ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಬಲಗಣ್ಣು. ಅದೇ ಓ.ಡಿ. ಮಾತ್ರೆಯ ಹೆಸರಿನ ಮುಂದೆ ಇದ್ದರೆ ದಿನಕ್ಕೆ ಒಂದು ಸಲ. ಪದದ ಕೊನೆಯಲ್ಲಿ ಐಟಿಸ್ ಅಂತಿದ್ದರೆ ಉರಿಯೂತ, ಎಕ್ಟಮಿ ಅಂತಿದ್ದರೆ ಕತ್ತರಿಸಿ ತೆಗೆಯುವುದು. ಇಂಥ ಹಿಂದುಮುಂದಿನ ತುಂಡುಗಳನ್ನು ಚೆನ್ನಾಗಿ ಕಲಿತರೆ ನೂರಾರು ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಬಾಯಿಪಾಠ ಮಾಡಿದವರು ಮಾತ್ರ ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತಾರೆ.

ರೋಗಿ ಮನೆಗೆ ಹೋದ ಮೇಲೂ ಅವರ ಫೈಲಿನ ಕೆಲಸ ಮುಗಿಯುವುದಿಲ್ಲ. ಅದು ಎಂಆರ್‌ಡಿಗೆ, ಅಂದರೆ ವೈದ್ಯಕೀಯ ದಾಖಲೆ ವಿಭಾಗಕ್ಕೆ ಬರುತ್ತದೆ. ಅಲ್ಲಿ ಕಾಯಿಲೆಗೆ ಒಂದು ಸಂಕೇತ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಟೈಪ್ 2 ಮಧುಮೇಹ ಇ11. ಟೈಫಾಯ್ಡ್ ಎ01.0. ನಾಯಿ ಕಚ್ಚಿದ್ದಕ್ಕೆ ಡಬ್ಲ್ಯೂ54. ಹಾವಿನ ವಿಷಕ್ಕೆ ಟಿ63.0. ಯಾರೋ ಕಂಪ್ಯೂಟರಿಗೆ ತುಂಬುವ ಈ ಅಂಕಿಗಳಿಂದ ಏನು ಉಪಯೋಗ ಅಂತ ಕೇಳಬಹುದು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಖಾಸಗಿ ಆಸ್ಪತ್ರೆಗಳೂ ವರದಿ ಕೊಡಬೇಕು. ಎಲ್ಲಿ ಎಷ್ಟು ಜನರಿಗೆ ಕಡಿಯಿತು ಅಂತ ತಿಳಿದರೆ ತಾನೇ ಯಾವ ತಾಲ್ಲೂಕಿಗೆ ಎಷ್ಟು ಔಷಧ ಬೇಕು ಅಂತ ಗೊತ್ತಾಗುವುದು? ದಾಖಲೆ ಕೋಣೆಯವರು ಬರೆಯದಿದ್ದರೆ ಆ ಲೆಕ್ಕ ಹುಟ್ಟುವುದೇ ಇಲ್ಲ.

ಸಾವಿನ ಕಾಗದವೂ ಇದೇ ಕೋಣೆಯ ಜವಾಬ್ದಾರಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಾಹಿತಿ 21 ದಿನದೊಳಗೆ ಹೋಗಬೇಕು. ಜೊತೆಗೆ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ ಇರಬೇಕು. ಅವಸರದಲ್ಲಿರುವ ಡಾಕ್ಟರು ಕಾರಣದ ಜಾಗದಲ್ಲಿ 'ಹೃದಯ ಸ್ತಂಭನ' ಅಂತ ಬರೆದು ಸಹಿ ಹಾಕುವುದುಂಟು. ಹೃದಯ ನಿಲ್ಲದೆ ಯಾರೂ ಸಾಯುವುದಿಲ್ಲವಲ್ಲ! ಅದು ನಿಲ್ಲುವುದಕ್ಕೆ ಮೂಲ ಕಾರಣ ಏನು ಅನ್ನುವುದು ಬೇಕು. ಆ ಕಾಗದವನ್ನು ಹಿಡಿದುಕೊಂಡು ಹೋಗಿ 'ಸಾರ್, ಮೂಲ ಕಾರಣ ಬರೆದುಕೊಡಿ' ಅಂತ ಕೇಳುವ ಧೈರ್ಯ ಹೊಸದಾಗಿ ಸೇರಿದ ಹುಡುಗಿಗೆ ಇರಬೇಕು. ಇದನ್ನು ಯಾವ ಸಿಲಬಸ್ಸೂ ಕಲಿಸುವುದಿಲ್ಲ, ಹಿರಿಯರ ಜೊತೆ ಓಡಾಡಿಯೇ ಬರಬೇಕು.

ಅಪಘಾತ, ವಿಷ, ಸುಟ್ಟ ಗಾಯ, ಹೊಡೆದಾಟ ಇಂಥವು ಬಂದರೆ ಎಂಎಲ್‌ಸಿ, ಅಂದರೆ ಕಾನೂನಿಗೂ ಸಂಬಂಧಪಟ್ಟ ವೈದ್ಯಕೀಯ ಪ್ರಕರಣ. ಪೊಲೀಸರಿಗೆ ತಿಳಿಸಬೇಕು, ರಿಜಿಸ್ಟರಿನಲ್ಲಿ ಹೊತ್ತು ಸಮೇತ ಬರೆಯಬೇಕು. ತಪ್ಪಾದರೆ ವೈಟ್ನರ್ ಹಚ್ಚಬಾರದು. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಾರೀಕು ಹಾಕಿ ಸಹಿ ಮಾಡಬೇಕು. ಬೈಕ್ ಅಪಘಾತದ ಪರಿಹಾರದ ಕೇಸು ಕೋರ್ಟಿಗೆ ಬರುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಆಗ ಆ ಗೆರೆಯೂ ಸಾಕ್ಷಿ.

ವಿಮೆ ಮತ್ತು ಸರ್ಕಾರದ ಯೋಜನೆಗಳ ಡೆಸ್ಕಿನಲ್ಲಿ ಈಗ ಕೆಲಸ ಜಾಸ್ತಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದನ್ನೆಲ್ಲ ಗಾಬರಿಯಲ್ಲಿ ಬಂದ ಮನೆಯವರಿಗೆ ಎರಡು ನಿಮಿಷದಲ್ಲಿ, ಅವರ ಮಾತಿನಲ್ಲಿ ಹೇಳಬೇಕು. ಖಾಸಗಿ ವಿಮೆಗೆ ಬಂದರೆ, ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಗಡುವು ಹಾಕಿದೆ. ಕ್ಯಾಶ್‌ಲೆಸ್ ಕೋರಿಕೆ ಬಂದ ಒಂದು ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕು. ಡಿಸ್ಚಾರ್ಜ್ ಕೋರಿಕೆ ಹೋದ ಮೂರು ಗಂಟೆಯೊಳಗೆ ಕೊನೆಯ ಒಪ್ಪಿಗೆ ಕೊಡಬೇಕು. ಆದರೆ ಗಡಿಯಾರ ಓಡಲು ಶುರುವಾಗುವುದು ಆಸ್ಪತ್ರೆಯಿಂದ ಕಾಗದ ಹೋದ ಮೇಲೆ. ಎಡಗಾಲಿನ ಆಪರೇಷನ್ ಆಗಿ ಬಿಲ್ಲಿನಲ್ಲಿ ಬಲಗಾಲು ಅಂತಿದ್ದರೆ ಮೂರು ಗಂಟೆ ಅಲ್ಲ, ಮೂರು ದಿನವೂ ಸಾಲದು.

ಗುಟ್ಟು ಕಾಯುವುದೂ ತರಬೇತಿಯ ಭಾಗವೇ. ದೊಡ್ಡ ಊರಲ್ಲಿ ಇದು ಸುಲಭ. ತಾಲ್ಲೂಕು ಕೇಂದ್ರದಲ್ಲಿ ಕೌಂಟರಿನಲ್ಲಿ ಕೂತವಳಿಗೆ ಬರುವವರೆಲ್ಲ ಪರಿಚಯ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಸುಮ್ನೆ ಕೇಳುತ್ತಾರೆ: 'ಅವರ ಸೊಸೆ ಬೆಳಿಗ್ಗೆ ಆಸ್ಪತ್ರೆಗೆ ಬಂದಿದ್ದಳಂತೆ, ಏನಂತೆ?' ಉತ್ತರ ಗೊತ್ತಿದ್ದೂ 'ನನಗೆ ಗೊತ್ತಿಲ್ಲ ಚಿಕ್ಕಮ್ಮ' ಅನ್ನಬೇಕು. ಚಿಕ್ಕಮ್ಮ ಸಿಟ್ಟಾದರೆ ಆಗಲಿ. ಗರ್ಭಪಾತ ಮಾಡಿಸಿಕೊಂಡವರ ಗುರುತನ್ನು ವೈದ್ಯರು ಹೊರಗೆ ಬಿಟ್ಟರೆ ಕಾನೂನಿನಲ್ಲಿ ಒಂದು ವರ್ಷದವರೆಗೆ ಜೈಲಿದೆ. ಎಚ್‌ಐವಿ ಇರುವವರ ವಿವರ ಕಾಪಾಡುವುದಕ್ಕೆ 2017ರದ್ದೇ ಬೇರೆ ಕಾಯ್ದೆ ಇದೆ.

ಸರಿ, ಇದನ್ನೆಲ್ಲ ಎಲ್ಲಿ ಕಲಿಯುವುದು? ಕರ್ನಾಟಕದ ಪ್ಯಾರಾಮೆಡಿಕಲ್ ಬೋರ್ಡಿನ ಅಡಿಯಲ್ಲಿ ವೈದ್ಯಕೀಯ ದಾಖಲೆಗಳ ಡಿಪ್ಲೊಮಾ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಆಸ್ಪತ್ರೆ ಆಡಳಿತದ ಕೋರ್ಸುಗಳಿವೆ. ಮಣಿಪಾಲದಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯ ಬಿಎಸ್‌ಸಿ ಇದೆ, ಖರ್ಚು ಸ್ವಲ್ಪ ಭಾರ. 2021ರಲ್ಲಿ ಬಂದ ಕೇಂದ್ರ ಕಾಯ್ದೆ ಈ ಕೆಲಸವನ್ನು ಫಿಸಿಯೋಥೆರಪಿ, ಲ್ಯಾಬ್ ಕೆಲಸಗಳ ಸಾಲಿನಲ್ಲೇ ಒಂದು ವೃತ್ತಿಯಾಗಿ ಸೇರಿಸಿದೆ. ಹೀಗಾಗಿ ನಿಯಮಗಳು ಬದಲಾಗುತ್ತಿವೆ. ಸೇರುವ ವರ್ಷದ ಪ್ರಕಟಣೆಯನ್ನೇ ನೋಡಿ, ಅಣ್ಣ ಸೇರಿದಾಗ ಹೀಗಿತ್ತು ಅಂತ ಹೋಗಬೇಡಿ.

ಮೆಡಿಕಲ್ ಕೋಡಿಂಗ್, ಅಂದರೆ ಆಗಲೇ ಹೇಳಿದಂಥ ಸಂಕೇತಗಳನ್ನು ಹಾಕುವ ಕೆಲಸ ಮಾಡುವ ಬೆಂಗಳೂರಿನ ಕಂಪನಿಗಳ ಬಗ್ಗೆಯೂ ಹುಡುಗರು ಕೇಳುತ್ತಾರೆ. ಅಲ್ಲಿ ನಡೆಯುವುದು ಹೆಚ್ಚಾಗಿ ಅಮೆರಿಕದ ಆಸ್ಪತ್ರೆಗಳ ಬಿಲ್ಲಿನ ಕೆಲಸ. ಅಮೆರಿಕದವರು ಐಸಿಡಿ-10 ಅನ್ನು ತಮಗೆ ಬೇಕಾದ ಹಾಗೆ ಹಿಗ್ಗಿಸಿ, 2015ರ ಅಕ್ಟೋಬರಿನಿಂದ ಬಳಸುತ್ತಿದ್ದಾರೆ. ಅದಕ್ಕೆ ಸಿಪಿಸಿ ಅನ್ನುವ ಪರೀಕ್ಷೆ ಇದೆ. ನೂರು ಪ್ರಶ್ನೆ, ನಾಲ್ಕು ಗಂಟೆ, ಕೋಡ್ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. ಪುಸ್ತಕ ಇದೆಯಲ್ಲ ಅಂತ ಹಗುರವಾಗಿ ತಗೊಂಡರೆ ಮುಗೀತು, ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ದಿನವಿಡೀ ಪರದೆ ಮುಂದೆ ಕೂತು ಓದುವ ಕೆಲಸ ಅದು, ರೋಗಿಯ ಮುಖ ಕಾಣುವುದಿಲ್ಲ. ಕೆಲವರಿಗೆ ಅದೇ ಹಿತ. ಜನರ ಜೊತೆ ಮಾತಾಡುತ್ತಾ ಕೆಲಸ ಮಾಡಬೇಕು ಅನ್ನುವವರಿಗೆ ಆಸ್ಪತ್ರೆಯೇ ಸರಿ.

'ನೂರಕ್ಕೆ ನೂರು ಕೆಲಸ ಗ್ಯಾರಂಟಿ' ಅಂತ ಗೋಡೆ ತುಂಬಾ ಬರೆದುಕೊಂಡ ಸಂಸ್ಥೆಗೆ ಫೀಸು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಯಾವ ಬೋರ್ಡಿನ ಅಥವಾ ವಿಶ್ವವಿದ್ಯಾಲಯದ ಮಾನ್ಯತೆ ಇದೆ? ಯಾವ ಆಸ್ಪತ್ರೆಗೆ, ಎಷ್ಟು ತಿಂಗಳು ಕೆಲಸ ಕಲಿಯಲು ಕಳಿಸುತ್ತೀರಿ? ಹೋದ ವರ್ಷ ಕಲಿತವರ ಜೊತೆ ಫೋನಿನಲ್ಲಿ ಮಾತಾಡಿಸುತ್ತೀರಾ? ಎರಡನೇ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ. ಕೌಂಟರಿನಲ್ಲಿ ಕೂರದೆ ಈ ಕೆಲಸ ಬರುವುದಿಲ್ಲ.

ಸಂಬಳ ಮೊದಮೊದಲು ಕಡಿಮೆ. ರಾತ್ರಿ ಪಾಳಿ, ಹಬ್ಬದ ದಿನದ ಪಾಳಿ ಇರುತ್ತದೆ. ಮನೆಯಲ್ಲಿ ಇದನ್ನು ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಸೇರಿದ ಮೇಲೆ ಒಂದೇ ಕೌಂಟರಿಗೆ ಅಂಟಿಕೊಳ್ಳದೆ ಬಿಲ್ಲಿಂಗ್, ವಿಮೆ, ದಾಖಲೆ ಮೂರೂ ಕಡೆ ಹಾಕಿ ಅಂತ ನೀವಾಗಿಯೇ ಕೇಳಿ. ಮುಂದೆ ಮೇಲ್ವಿಚಾರಕರನ್ನು ಆರಿಸುವಾಗ ಮೂರೂ ಬಲ್ಲವರನ್ನೇ ಹುಡುಕುತ್ತಾರೆ. ಫಲಿತಾಂಶ ಬಂದು ಏನು ಓದುವುದು ಅಂತ ಮನೆಯಲ್ಲಿ ಚರ್ಚೆ ನಡೆಯುತ್ತಿದ್ದರೆ, ಹತ್ತಿರದ ಜಿಲ್ಲಾ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋಗಿ ಅಲ್ಲಿಯವರನ್ನು ಮಾತಾಡಿಸಿ ಬನ್ನಿ. ಬೆಳಿಗ್ಗೆ ಬೇಡ, ಓಪಿಡಿ ಮುಗಿದ ಮೇಲೆ ಹೋಗಿ. ಆಗ ಅವರಿಗೆ ಮಾತಾಡಲು ಸ್ವಲ್ಪ ಪುರುಸೊತ್ತು ಇರುತ್ತದೆ.

ನಮಸ್ಕಾರ.